ತಿಂಗಳ ಕೊನೆಯ ಅಳತೆ

ಚಿರಂಜೀವಿಗೆ ಚಿಕ್ಕಪ್ಪನ ಆಶೀರ್ವಾದಗಳು.

ತೆರೆದ ಗಣಿಯಲ್ಲಿ ಅಗೆದ ಮಾಲಿನ ಲೆಕ್ಕ ಇನ್ನು ನಿನ್ನ ಹೊಣೆಯೆಂದು ತಿಳಿದು ಸಂತೋಷವಾಯಿತು. ಡಂಪರುಗಳ ಟ್ರಿಪ್ ಲೆಕ್ಕಕ್ಕೂ ಸರ್ವೆಯ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲವೆಂದು ಚಿಂತಿಸಿ ಬರೆದಿದ್ದೀಯೆ. ಅವೆರಡೂ ಒಂದೇ ಆಗಿ ಬಂದಿದ್ದರೆ ನನಗೆ ಅನುಮಾನ ಬರುತ್ತಿತ್ತು. ನೆಲದಲ್ಲಿ ಗಟ್ಟಿಯಾಗಿ ಕೂತ ಬಂಡೆಯನ್ನು ಸಿಡಿಸಿ ತುಂಬಿದಾಗ ತುಂಡುಗಳ ನಡುವೆ ಸಂದುಗಳುಂಟಾಗಿ ಅದರ ಗಾತ್ರ ಹಿಗ್ಗುತ್ತದೆ. ನೆಲದಲ್ಲಿದ್ದ 100 ಘನಮೀಟರ್ ಶೇ 40ರಷ್ಟು ಹಿಗ್ಗಿದರೆ ಡಂಪರುಗಳಲ್ಲಿ 140 ಆಗುತ್ತದೆ. ಅದನ್ನು ಮರಳಿ ನೆಲದ ಲೆಕ್ಕಕ್ಕೆ ತರುವಾಗ 1.4ರಿಂದ ಭಾಗಿಸಬೇಕೇ ಹೊರತು ಶೇ 40 ಕಳೆಯಬಾರದು. ಕಳೆದರೆ 84 ಉಳಿದು, 16 ಘನಮೀಟರ್ ಕಾಗದದ ಮೇಲೆಯೇ ಮಾಯವಾಗುತ್ತದೆ. ಹಿಗ್ಗುವ ಪ್ರಮಾಣ ಜೇಡಿಮಣ್ಣಿಗೆ ಒಂದು, ಬಂಡೆಗೆ ಇನ್ನೊಂದು. ಆದ್ದರಿಂದ ಕೈಪಿಡಿಯ ಅಂಕಿಗೆ ಜೋತುಬೀಳದೆ ನಿಮ್ಮ ಬೆಂಚುಗಳಲ್ಲಿಯೇ, ಅಂದರೆ ಗಣಿಯಲ್ಲಿ ಮೆಟ್ಟಿಲಿನಂತೆ ಅಗೆದ ಹಂತಗಳಲ್ಲಿಯೇ, ಅಳೆದು ಕಂಡುಕೊಳ್ಳಬೇಕು. ಸುರಿದ ಮೇಲೂ ಡಂಪರಿನ ತಳಕ್ಕೆ ಅಂಟಿ ಹಿಂದಿರುಗುವ ಹಸಿಮಣ್ಣು ಪ್ರತಿ ಟ್ರಿಪ್ಪಿನಲ್ಲೂ ಹೊಸದಾಗಿ ಎಣಿಕೆಯಾಗುತ್ತದೆ ಎಂಬುದನ್ನೂ ಮರೆಯಬೇಡ. ಗುತ್ತಿಗೆಯ ಬಿಲ್ಲಿನಲ್ಲಿ ಘನಮೀಟರ್ ಎಂದಷ್ಟೇ ಇದ್ದರೆ, ಅದು ನೆಲದ ಗಾತ್ರವೋ ಹಿಗ್ಗಿದ ಗಾತ್ರವೋ ಎಂದು ಬರೆಸಿಕೊಂಡ ಮೇಲೆಯೇ ಸಹಿ ಹಾಕು.

ಇನ್ನು ಸರ್ವೆಯ ಲೆಕ್ಕ. ಅಗೆದ ಗಾತ್ರವನ್ನು ಕಂಡುಹಿಡಿಯಲು ಅಗೆತದ ಎರಡು ಅಡ್ಡಛೇದಗಳ ವಿಸ್ತೀರ್ಣದ ಸರಾಸರಿಯನ್ನು ನಡುವಿನ ದೂರದಿಂದ ಗುಣಿಸುವ ಹಳೆಯ ಕ್ರಮ ಕೆಟ್ಟದ್ದೇನಲ್ಲ. ಆದರೆ ಅಗೆತವು ಮೊನೆಯಾಗಿ ಮುಗಿಯುವ ಕಡೆ, ನಿಜವಾದ ಗಾತ್ರವು ವಿಸ್ತೀರ್ಣ ಮತ್ತು ದೂರದ ಗುಣಲಬ್ಧದ ಮೂರನೆಯ ಒಂದು ಭಾಗವಿದ್ದರೆ ಈ ಕ್ರಮ ಅರ್ಧವೆಂದು ತೋರಿಸಿ, ನಿಜವಾದುದರ ಒಂದೂವರೆ ಪಟ್ಟು ಹೇಳಿಬಿಡುತ್ತದೆ.

ಮೇಲಿನಿಂದ ಚಿತ್ರ ತೆಗೆದು ನೆಲದ ಎತ್ತರಗಳನ್ನು ಕಂಡುಕೊಳ್ಳುವ ಡ್ರೋನ್ ಬಂದ ಮೇಲೆ ಕೆಲಸ ಹಗುರವಾಗಿದೆ, ಹೊಣೆ ಹಗುರವಾಗಿಲ್ಲ. ಹತ್ತು ಹೆಕ್ಟೇರಿನ ಮೇಲೆ ಎತ್ತರವು ಒಂದೇ ಸಮನೆ 5 ಸೆಂಟಿಮೀಟರ್ ತಪ್ಪಿದರೂ 5,000 ಘನಮೀಟರ್ ವ್ಯತ್ಯಾಸವಾಗುತ್ತದೆ. ಪರದೆಯ ಮೇಲಿನ ಚಿತ್ರ ಎಷ್ಟೇ ಅಂದವಾಗಿದ್ದರೂ ಅದು ಈ ತಪ್ಪನ್ನು ತೋರಿಸುವುದಿಲ್ಲ. ಲೆಕ್ಕಕ್ಕೆ ಬಳಸದ ಕೆಲವು ಬಿಂದುಗಳನ್ನು ಪರೀಕ್ಷೆಗೆಂದೇ ನೆಲದಲ್ಲಿ ಗುರುತಿಸಿ, ಜಿಪಿಎಸ್‌ನಿಂದ ಅಥವಾ ಕೋನ, ದೂರಗಳನ್ನು ಅಳೆಯುವ ಟೋಟಲ್ ಸ್ಟೇಷನ್ ಉಪಕರಣದಿಂದ ಅಳೆದಿಡು. ಗಣಿಯ ತಳದಲ್ಲಿ ನೀರು ನಿಂತಿದ್ದರೆ ಕ್ಯಾಮೆರಾ ಕಾಣುವುದು ನೀರಿನ ಮಟ್ಟವನ್ನೇ. ಅಲ್ಲಿ ಆಳವನ್ನು ಬೇರೆಯಾಗಿ ಅಳೆಯಬೇಕು. ಮಣ್ಣಿನ ರಾಶಿಯ ವಿಷಯದಲ್ಲಿ, ಸುರಿಯುವ ಮೊದಲೇ ಅಡಿಯ ನೆಲವನ್ನು ಸರ್ವೆ ಮಾಡಿಸು. ಆಮೇಲೆ ಊಹೆಯೊಂದೇ ಗತಿ.

ಈ ಸಲ ಹಿಂದಿನ ತಿಂಗಳ ಮೇಲ್ಮೈಯಿಂದ ಈ ತಿಂಗಳದನ್ನು ಕಳೆಯುವ ಮುನ್ನ, ಯಾರೂ ಅಗೆಯದ, ಏನನ್ನೂ ಸುರಿಯದ ಜಾಗವೊಂದರಲ್ಲಿ ಎರಡನ್ನೂ ಹೋಲಿಸಿ ನೋಡು. ಅಲ್ಲಿ ವ್ಯತ್ಯಾಸವು ಸೊನ್ನೆಯ ಆಸುಪಾಸಿನಲ್ಲಿರಬೇಕು. ಇಲ್ಲದಿದ್ದರೆ ಡಂಪರಿನವರನ್ನು ಪ್ರಶ್ನಿಸುವ ಮೊದಲು, ಎತ್ತರದ ಅಳತೆಗೆ ಆಧಾರವಾಗಿಟ್ಟ ಸ್ಥಿರ ಬಿಂದುವಾದ ನಿನ್ನ ಬೆಂಚ್‌ಮಾರ್ಕನ್ನು ಪರಿಶೀಲಿಸು, ಬಂದ ಅಂಕಿಗಳನ್ನು ನನಗೂ ಬರೆದು ತಿಳಿಸು.

ಇತಿ,
ನಿನ್ನ ಚಿಕ್ಕಪ್ಪ