ಅರ್ಧ ಮಾತ್ರೆಯ ಲೆಕ್ಕ

ತೀರ್ಥಹಳ್ಳಿ, ಭಾನುವಾರ

ಚಿ. ಸೌ. ವಿದ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ನೀವೂ ಅಲ್ಲಿ ಕ್ಷೇಮವೆಂದು ಭಾವಿಸಿದ್ದೇನೆ ಎಂದು ಪದ್ಧತಿಯಂತೆ ಬರೆಯುವ ಹಾಗಿಲ್ಲ. ನಿನ್ನೆ ಫೋನಿನಲ್ಲಿ ಮಗಳ ಖಿನ್ನತೆಯ ಮಾತು ತೆಗೆದು ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಆಗ ನನಗೂ ಮಾತು ಹೊರಡಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಬೈದು ಮುಗಿಸಿಬಿಡುತ್ತೇನೆ. "ನಿಮಗೆ ಆ ಮಾತ್ರೆ ಒಗ್ಗಿತಲ್ಲ ದೊಡ್ಡಮ್ಮ, ಅದನ್ನೇ ಅರ್ಧ ಮಾಡಿ ಇವಳಿಗೂ ಕೊಡಲೇ?" ಎಂದು ಕೇಳಿದೆಯಲ್ಲ, ಬಸ್ಸಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಹರಿದು ಕೊಟ್ಟಂತೆ ಎಂದುಕೊಂಡೆಯಾ? ನಿನ್ನ ದೊಡ್ಡಪ್ಪ ಹೋದ ಮೇಲೆ ಡಾಕ್ಟರು ನನಗೆ ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಬರೆದಾಗ ನನಗೆ 61 ತುಂಬಿತ್ತು. ನಿನ್ನ ಮಗಳಿಗೆ 14. ಔಷಧದ ಅಂಗಡಿಯ ಗಲ್ಲಾದ ಹಿಂದೆ ಮೂವತ್ತು ವರ್ಷ ನಿಂತವಳ ಮನೆಯಿಂದಲೇ ಇಂಥ ಮಾತು ಬಂತಲ್ಲ ಎಂದು ಬೇಸರವಾಯಿತು.

ಈ ಮಾತ್ರೆಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶಗಳ ನಡುವೆ ಹೆಚ್ಚು ಹೊತ್ತು ನಿಲ್ಲಿಸುತ್ತವೆ. ನನ್ನಂಥವರ ಮಿದುಳಿನಲ್ಲಿ ಅದರ ಮುಖ್ಯ ಕೆಲಸ ಸುದ್ದಿ ಸಾಗಿಸುವುದು. ಬೆಳೆಯುವ ಮಿದುಳಿನಲ್ಲಿ ಅದು ಮೇಸ್ತ್ರಿಯ ಕೆಲಸವನ್ನೂ ಮಾಡುತ್ತದೆ: ಯಾವ ನರತಂತು ಎತ್ತ ಚಾಚಬೇಕು, ಯಾವ ಕೊಂಡಿ ಉಳಿಯಬೇಕು ಎನ್ನುವುದರಲ್ಲಿ ಅದರ ಕೈ ಇದೆ. ಆವೇಶಕ್ಕೆ ಕಡಿವಾಣ ಹಾಕುವ ಹಣೆಯ ಹಿಂದಿನ ಭಾಗವಂತೂ ಇಪ್ಪತ್ತೈದರ ಆಸುಪಾಸಿನವರೆಗೆ ಮಾಗುತ್ತಲೇ ಇರುತ್ತದೆ.

2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಮರಿಗಳಿಗೆ ಹುಟ್ಟಿದ 4ನೇ ದಿನದಿಂದ 21ನೇ ದಿನದವರೆಗೆ ಇದೇ ಬಗೆಯ ಇನ್ನೊಂದು ಮಾತ್ರೆಯಾದ ಫ್ಲುಯೊಕ್ಸೆಟಿನ್ ಕೊಟ್ಟು ನಿಲ್ಲಿಸಿದರು. ಬೆಳೆದ ಮೇಲೆ ಅವು ಅಂಜುಬುರುಕ ಇಲಿಗಳಾದವು. 2008ರಲ್ಲಿ ಇಟಲಿಯ ಪೀಸಾದವರು ಅದೇ ಔಷಧವನ್ನು ಬೆಳೆದ ಇಲಿಗಳಿಗೆ ಕೊಟ್ಟಾಗ, ಎಳವೆಯಲ್ಲೇ ಮಂದವಾಗಿದ್ದ ಕಣ್ಣಿನ ದೃಷ್ಟಿ ಮರಳಿತು. ಬಿಗಿದುಕೊಂಡಿದ್ದ ಮಿದುಳು ಮತ್ತೆ ಕಲಿಯುವಷ್ಟು ಸಡಿಲವಾಗಿತ್ತು. ಔಷಧ ಒಂದೇ, ವಯಸ್ಸು ಬೇರೆ. ಆದರೆ ಇದನ್ನು ಓದಿ ಅಳಿಯಂದಿರು "ನೋಡು, ಮಿದುಳು ಕೆಡುತ್ತದೆ ಎಂದು ನಾನು ಹೇಳಲಿಲ್ಲವೇ" ಎನ್ನುವುದು ಬೇಡ. ಇಲಿಮರಿಯ ಆ ದಿನಗಳು ನಮ್ಮಲ್ಲಿ ಗರ್ಭದ ಕೊನೆಯ ತಿಂಗಳುಗಳಿಗೂ ಎಳೆಯ ಬಾಲ್ಯಕ್ಕೂ ಹತ್ತಿರ, ಎಂಟನೇ ತರಗತಿಯ ಹುಡುಗಿಗಲ್ಲ.

ಮಕ್ಕಳ ಮೇಲೆಯೇ ಆದ ಪರೀಕ್ಷೆಗಳ ಲೆಕ್ಕ ಹೇಳುತ್ತೇನೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 24 ಪರೀಕ್ಷೆಗಳ 4,400ಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿತು. ಆತ್ಮಹತ್ಯೆಯ ಯೋಚನೆ ಅಥವಾ ಯತ್ನ ಖಿನ್ನತೆಯ ಮಾತ್ರೆ ತಿಂದವರಲ್ಲಿ ಶೇ. 4, ಔಷಧವೇ ಇಲ್ಲದ ಹುಸಿಮಾತ್ರೆ ತಿಂದವರಲ್ಲಿ ಶೇ. 2. ಸತ್ತವರು ಯಾರೂ ಇಲ್ಲ. ಪೊಟ್ಟಣದ ಚೀಟಿಯಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂದದ್ದು ಆಗ. 2007ರಲ್ಲಿ ಅದನ್ನು 24 ವರ್ಷದವರೆಗೂ ವಿಸ್ತರಿಸಿದರು. 65 ದಾಟಿದವರಲ್ಲಿ ಮಾತ್ರೆ ಅದೇ ಅಪಾಯವನ್ನು ತಗ್ಗಿಸುತ್ತದೆ. ನನ್ನ ಅನುಭವ ನಿನ್ನ ಮಗಳಿಗೆ ಪ್ರಮಾಣವಾಗುವುದಿಲ್ಲ ಎನ್ನುವುದು ಇದಕ್ಕೇ.

ಹಾಗೆಂದು ಸುಮ್ಮನೆ ಕೂರುವಂತಿಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆಯೂ ಬೆಳೆಯುವ ಮಿದುಳನ್ನು ಮುಟ್ಟದೆ ಬಿಡುವುದಿಲ್ಲ. 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಹನ್ನೆರಡು ವಾರಕ್ಕೆ ಹುಸಿಮಾತ್ರೆಯಿಂದ ಚೆನ್ನಾಗಿ ಸುಧಾರಿಸಿದವರು ಶೇ. 35, ಫ್ಲುಯೊಕ್ಸೆಟಿನ್ ಒಂದರಿಂದಲೇ ಶೇ. 61, ಜೊತೆಗೆ ಮಾತಿನ ಚಿಕಿತ್ಸೆಯೂ ಸೇರಿದಾಗ ಶೇ. 71. ಮಕ್ಕಳ ಖಿನ್ನತೆಗೆ ಹೆಚ್ಚು ಆಧಾರವಿರುವ ಮಾತ್ರೆ ಅದೇ. ನನ್ನ ಎಸ್ಸಿಟಾಲೊಪ್ರಾಮನ್ನೂ ಅಮೆರಿಕದಲ್ಲಿ 12 ತುಂಬಿದವರಿಗೆ ಒಪ್ಪಿದ್ದಾರೆ, ನಿಜ. ಆದರೆ ಯಾವುದು, ಎಷ್ಟು ಎಂದು ಹೇಳಬೇಕಾದವರು ಮಕ್ಕಳ ಮನೋವೈದ್ಯರು, ನನ್ನ ಡಬ್ಬಿಯಲ್ಲ. ಈ ವಾರವೇ ಕರೆದುಕೊಂಡು ಹೋಗು. ಆಸ್ಪತ್ರೆಯಲ್ಲಿ ಪರಿಚಯದವರು ಕಂಡಾರು ಎಂಬ ಚಿಂತೆ ಬಿಡು, ಕಂಡವರೂ ಅಲ್ಲಿಗೆ ಬಂದವರೇ ತಾನೇ.

ಮಾತ್ರೆ ಬರೆದರೆ ಮೊದಲ ಕೆಲವು ವಾರ ಮತ್ತು ಪ್ರಮಾಣ ಬದಲಿಸಿದಾಗಲೆಲ್ಲ ಅವಳ ಮೇಲೆ ಕಣ್ಣಿಡು. ಇದ್ದಕ್ಕಿದ್ದಂತೆ ಚಡಪಡಿಕೆ, ನಿದ್ದೆಗೇಡು, ವಿಪರೀತ ಸಿಟ್ಟು, ಸಾವಿನ ಮಾತು ಕಂಡರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರಿಗೆ ತಿಳಿಸು. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡು, ಕನ್ನಡದಲ್ಲೇ ಮಾತನಾಡುತ್ತಾರೆ. ಮಾತ್ರೆಯ ಪಟ್ಟಿ ನಿನ್ನ ಬೀರುವಿನಲ್ಲಿರಲಿ. ಗುಣ ಕಾಣಲು ವಾರಗಳು ಬೇಕು. ಕಂಡ ಕೂಡಲೇ ನಿಲ್ಲಿಸುವುದೂ ತಪ್ಪು. "ಹುಡುಗ ನಗುತ್ತಿದ್ದಾನೆ, ಇನ್ನು ಬೇಡ" ಎಂದು ಉಳಿದ ಪಟ್ಟಿಗಳನ್ನು ವಾಪಸ್ಸು ತಂದ ತಂದೆಯೊಬ್ಬರನ್ನು ನಾನೇ ಅಂಗಡಿಯಿಂದ ಮರಳಿ ಡಾಕ್ಟರ ಬಳಿಗೆ ಅಟ್ಟಿದ್ದೆ.

ಶನಿವಾರದ ಬಸ್ಸಿಗೆ ಬರುತ್ತೇನೆ; ಈಗಂತೂ ನಮಗೆ ಟಿಕೆಟ್ಟಿನ ಲೆಕ್ಕವೇ ಇಲ್ಲ. ಅವಳನ್ನು ನೋಡಲೆಂದೇ ಬರುತ್ತಿದ್ದೇನೆ ಎಂದು ಹೇಳಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಲುಪಿಸಲು ಬರುತ್ತಿದ್ದಾಳೆ ಎನ್ನು.

ನಿನ್ನ ದೊಡ್ಡಮ್ಮ