ಒಂದು ಫೋಟೋ, ಒಂದು ಕೌದಿ: ಒಂಬತ್ತನೇ ತರಗತಿಯ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ಮಕ್ಕಳಿಗೆ ತೋರಿಸಿದ ಫೋಟೋ ಬಗ್ಗೆ ಕೆಲವರು ಫೋನ್ ಮಾಡಿ, 'ಸಿಲೆಬಸ್ ಬಿಟ್ಟು ಅಮೆರಿಕದ ಕಥಿ ಯಾಕ್ರೀ ಟೀಚರ್?' ಎಂದು ಕೇಳಿದಿರಿ. ಕೇಳಿದ್ದು ಒಳ್ಳೆಯದಾಯಿತು.

ಇದು ಶುರುವಾಗಿದ್ದು ನಮ್ಮ ಶಾಲೆಯಲ್ಲೇ. ಡ್ರಾಯಿಂಗ್ ಪಿರಿಯಡ್‌ನಲ್ಲಿ ಪಕ್ಕದಲ್ಲಿ ಕೂತವರ ಮುಖ ಬಿಡಿಸಲು ಹೇಳಿದ್ದೆವು. ಒಬ್ಬ ಹುಡುಗ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ತನ್ನ ಗೆಳೆಯನ ಮುಖಕ್ಕೆ ಕಪ್ಪು ಬಣ್ಣ ಒತ್ತಿ ಒತ್ತಿ ಬಳಿದು, ಎಲ್ಲರಿಗೂ ಎತ್ತಿ ತೋರಿಸಿದ. ಇಡೀ ತರಗತಿ ನಕ್ಕಿತು. ಆ ಸಿದ್ದಿ ಮಗು ಎರಡು ದಿನ ಶಾಲೆಗೆ ಬರಲಿಲ್ಲ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಬೈದರೆ ಮಕ್ಕಳು ಆ ದಿನಕ್ಕೆ ಸುಮ್ಮನಾಗುತ್ತಾರೆ, ಅಷ್ಟೇ. ಅದಕ್ಕೆ ಗಾರ್ಡನ್ ಪಾರ್ಕ್ಸ್ ತೆಗೆದ ಫೋಟೋ ತೋರಿಸಿದೆ. ಅವರು ಅಮೆರಿಕದ ಕಪ್ಪು ಜನಾಂಗದವರು, ಹದಿನೈದು ಮಕ್ಕಳಲ್ಲಿ ಕೊನೆಯವರು. ಗಿರವಿ ಅಂಗಡಿಯಲ್ಲಿ ಕ್ಯಾಮೆರಾ ಕೊಂಡು ತಾವೇ ಕಲಿತರು. 1942ರಲ್ಲಿ ಸರ್ಕಾರಿ ಇಲಾಖೆಯೊಂದಕ್ಕೆ ಫೋಟೋ ತೆಗೆಯಲು ವಾಷಿಂಗ್ಟನ್‌ಗೆ ಬಂದಾಗ, ಮೇಲಧಿಕಾರಿ 'ಕ್ಯಾಮೆರಾ ಇಲ್ಲೇ ಇಟ್ಟು ಊರು ಸುತ್ತಿ ಬಾ' ಎಂದು ಕಳಿಸಿದರು. ದೇಶದ ರಾಜಧಾನಿಯಲ್ಲೇ ಅವರಿಗೆ ಊಟ ಕೊಡಲಿಲ್ಲ, ಥಿಯೇಟರ್ ಒಳಗೆ ಬಿಡಲಿಲ್ಲ. ಮೈಬಣ್ಣ ನೋಡಿಯೇ ವಾಪಸ್ ಕಳಿಸಿದರು.

ಆಮೇಲೆ ಪಾರ್ಕ್ಸ್ ಅದೇ ಇಲಾಖೆಯ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಎಲಾ ವಾಟ್ಸನ್ ಅವರ ಹತ್ತಿರ ಹೋಗಿ ಮಾತಾಡಿದರು. ಎಲಾ ಅವರ ತಂದೆಯನ್ನು ಬಿಳಿಯರ ಗುಂಪು ಕೊಂದಿತ್ತು. ಸಣ್ಣ ಸಂಬಳದಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿದ್ದರು. ಎಲ್ಲ ಕೇಳಿಸಿಕೊಂಡ ಮೇಲೆ, ಗೋಡೆಯ ಮೇಲಿದ್ದ ದೇಶದ ಬಾವುಟದ ಮುಂದೆ ಅವರನ್ನು ನಿಲ್ಲಿಸಿ ಫೋಟೋ ತೆಗೆದರು. ಕೈಯಲ್ಲಿ ಕಸಬರಿಗೆ, ಹಿಂದೆ ನೆಲ ಒರೆಸುವ ಕೋಲು. ಮುಖದಲ್ಲಿ ಅಳುವಿಲ್ಲ, ನಗುವಿಲ್ಲ.

ನಮ್ಮ ಹುಡುಗಿಯೊಬ್ಬಳು ಮೆಲ್ಲಗೆ, 'ನಮ್ಮವ್ವ ನಿಂತ್ಹಂಗ ಕಾಣ್ತೈತ್ರಿ ಟೀಚರ್' ಅಂದಳು. ಅವಳ ಮಾತಿನ ಮೇಲೆ ನಾನೇನೂ ಸೇರಿಸಲಿಲ್ಲ.

ದಕ್ಷಿಣ ಆಫ್ರಿಕಾದ ಫೋಟೋಗ್ರಾಫರ್ ಸ್ಯಾಮ್ ನ್ಜಿಮಾ ಬಗ್ಗೆಯೂ ಹೇಳಿದೆ. 1976ರ ಜೂನ್ 16ರಂದು ಸೊವೆಟೊದಲ್ಲಿ, ತಮ್ಮ ಮೇಲೆ ಹೇರಿದ ಭಾಷೆ ಬೇಡವೆಂದು ಬೀದಿಗಿಳಿದ ಶಾಲಾ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ತೆಗೆದ ಫಿಲ್ಮನ್ನು ನ್ಜಿಮಾ ಕಾಲುಚೀಲದಲ್ಲಿ ಬಚ್ಚಿಟ್ಟು ಉಳಿಸಿದರು. ಆ ಫೋಟೋ ಮಾತ್ರ ತೋರಿಸಲಿಲ್ಲ. ಈ ವಯಸ್ಸಿಗೆ ಬೇಡ ಅನ್ನಿಸಿತು.

ಆ ಸಿದ್ದಿ ಮಗುವಿನ ಮನೆಗೆ ಹೋದಾಗ ಅಜ್ಜಿ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದರು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ನಮ್ಮ ಈ ಕಾಡುಗಳಿಗೆ ಬಂದು ನೆಲೆಸಿದರು. ಸಿದ್ದಿಗಳ ಪೂರ್ವಜರು ಅವರೇ. ಸಿದ್ದಿ ಹೆಣ್ಣುಮಕ್ಕಳ ಕೌದಿಯ ಮೂಲೆಯಲ್ಲಿ ಬಟ್ಟೆ ಮಡಚಿ ಮಾಡಿದ ಹೂವು ಇರುತ್ತದೆ. ಖಾನಾಪುರದವರಾಗಿ ನಾವೆಷ್ಟು ಜನ ಅದನ್ನು ಹತ್ತಿರದಿಂದ ನೋಡಿದ್ದೇವೆ?

ಮನೆಯಲ್ಲಿ ಮುದ್ದಿಗೂ ಯಾರನ್ನೂ 'ಕರಿಯ' ಎಂದು ಕರೆಯಬೇಡಿ. ಮಕ್ಕಳು ಆ ಮಾತನ್ನು ಶಾಲೆಗೆ ತರುತ್ತಾರೆ.

ಬರುವ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಆ ಅಜ್ಜಿ ಶಾಲೆಗೆ ಬಂದು ಕೌದಿ ಹೊಲಿಯುವುದನ್ನು ಕಲಿಸುತ್ತಾರೆ. ಮಕ್ಕಳ ಕೈಲಿ ಹಳೇ ಸೀರೆಯ ತುಂಡು ಕಳಿಸಿ. ಬಿಡುವಿದ್ದರೆ ನೀವೂ ಬನ್ನಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಖಾನಾಪುರ ತಾಲ್ಲೂಕು, ಬೆಳಗಾವಿ ಜಿಲ್ಲೆ