ಬೆಳ್ಳಿ ಅಂತ ಕಂಗ್ರಾಟ್ಸ್ ಹೇಳಿದೋರಿಗೆಲ್ಲ, ಮತ್ತೆ ಆ ಬ್ಲೂ ಕಾರ್ನರ್ ಹುಡುಗಿಗೆ

ಎಲ್ರಿಗೂ ನಮಸ್ಕಾರ. ಭಾನುವಾರ ಬಾಕ್ಸಿಂಗ್‌ನಲ್ಲಿ ನಂಗೆ ಬೆಳ್ಳಿ ಬಂದಾಗಿಂದ ಒಂದೇ ಸಮ ಮೆಸೇಜ್ ಬರ್ತಾನೇ ಇದೆ, ಬಲಗೈ ಹೆಬ್ಬೆಟ್ಟು ಇನ್ನೂ ಊದ್ಕೊಂಡಿದೆ, ಒಬ್ಬೊಬ್ರಿಗೂ ರಿಪ್ಲೈ ಮಾಡೋಕಾಗ್ತಿಲ್ಲ, ಅದಕ್ಕೆ ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ಎಡಗೈಲಿ ಟೈಪ್ ಮಾಡ್ತಿರೋದು, ಕಾಗುಣಿತ ತಪ್ಪಿದ್ರೆ ನೀವೇ ತಿದ್ಕೊಂಡು ಓದ್ಕೊಳಿ.

ಮೊದಲು ಒಂದು ವಿಷ್ಯ ಹೇಳ್ಬಿಡ್ತೀನಿ. ನಮ್ಮ ಚಿಕ್ಕಪ್ಪ ಸ್ಟೇಟಸ್ ಹಾಕಿದಾರಲ್ಲ, "ಬಾಕ್ಸಿಂಗ್‌ನಲ್ಲಿ ಬೆಳ್ಳಿ ಗೆದ್ದ ತಿಪಟೂರಿನ ಹೆಮ್ಮೆಯ ಪುತ್ರಿ" ಅಂತ, ಸುತ್ತ ಹೂವಿನ ಬಾರ್ಡರ್ ಬೇರೆ, ಅದರಲ್ಲಿ ಬೆಳ್ಳಿ ನಿಜ, ಗೆದ್ದಿದ್ದು ಮಾತ್ರ ಇಲ್ಲ. ಹೆಂಗಸರ 54 ಕೆಜಿ ತೂಕದ ವಿಭಾಗದಲ್ಲಿ ಹೆಸರು ಕೊಟ್ಟಿದ್ದೇ ಇಬ್ರು, ನಾನೊಬ್ಳು, ಆ ಬ್ಲೂ ಕಾರ್ನರ್ ಹುಡುಗಿ ಒಬ್ಳು. ಅವಳು ಗೆದ್ಲು, ಚಿನ್ನ. ನಾನು ಸೋತೆ, ಬೆಳ್ಳಿ. ಇಷ್ಟೇ ಕತೆ. ಇನ್ನೊಂದು ವೇಟ್‌ಲಿ ಒಬ್ಳೇ ಒಬ್ಳು ಬಂದಿದ್ಲು, ಎದುರಿಗೆ ಯಾರೂ ಇಲ್ಲ, ಗ್ಲೌಸ್ ಕೂಡ ಹಾಕ್ಕೊಳ್ದೆ ಚಿನ್ನ ಹಾಕ್ಕೊಂಡು ಹೋದ್ಲು, ಫೋಟೋದಲ್ಲಿ ಪಾಪ ಅವಳ ಮುಖ ನೋಡ್ಬೇಕಿತ್ತು ನೀವು. ಹುಡುಗರ ಕಡೆ ಹಂಗಲ್ಲ, 60 ಕೆಜಿಲಿ ಯಾರಿಗೆ ಯಾರು ಎದುರಾಳಿ ಅನ್ನೋ ಡ್ರಾ ಹಾಳೆ ಗೋಡೆಗೆ ಅಂಟ್ಸಿದ್ರು, ಎರಡು ಹಾಳೆ ಸೇರ್ಸಿ ಅಂಟ್ಸಿದ್ರು, ಅಲ್ಲಿ ಮೆಡಲ್ ಬೇಕಂದ್ರೆ ಮೂರ್ನಾಲ್ಕು ಜನರ ಕೈಲಿ ಹೊಡ್ಸ್ಕೊಬೇಕು. ನಮ್ಮಲ್ಲಿ ಎದುರಾಳಿ ಬಂದ್ರೆ ಅದೇ ಪುಣ್ಯ.

ಅದಕ್ಕೇ ಮೊದಲನೇ ಥ್ಯಾಂಕ್ಸ್ ಅವಳಿಗೆ. ಹೆಸರು ಹಾಕಲ್ಲ, ಅವಳನ್ನ ಕೇಳಿಲ್ಲ. ವಿಜಯಪುರ ಕಡೆಯೋಳು, ರಾತ್ರಿ ಬಸ್ಸಿಗೆ ಅವರಪ್ಪನ ಜೊತೆ ಬಂದು ಬೆಳಿಗ್ಗೆ ತೂಕಕ್ಕೆ ನಿಂತಿದ್ಲು. ಅವಳು ಆ ಬಸ್ ಹತ್ತದೇ ಇದ್ದಿದ್ರೆ ನಂಗೂ ವಾಕ್ ಓವರ್ ಚಿನ್ನ ಸಿಗ್ತಿತ್ತು, ಚಿಕ್ಕಪ್ಪನ ಸ್ಟೇಟಸ್‌ಗೆ ಇನ್ನೂ ದೊಡ್ಡ ಬಾರ್ಡರ್ ಬರ್ತಿತ್ತು, ನಂಗೆ ಬರೆಯೋಕೆ ಏನೂ ಇರ್ತಿರ್ಲಿಲ್ಲ.

ಬೌಟ್, ಅಂದ್ರೆ ನಮ್ಮಿಬ್ರ ಪಂದ್ಯ, ಹೆಂಗಿತ್ತು ಅಂತ ತುಂಬಾ ಜನ ಕೇಳಿದೀರ. ಹೇಳ್ತೀನಿ. ಬೆಳಿಗ್ಗೆ ತೂಕ, ಬಿಪಿ, ಪಲ್ಸು, ಕೈ ಮೂಳೆ ಎಲ್ಲಾ ನೋಡ್ತಾರೆ, ಹೆಂಗಸರು ಗರ್ಭಿಣಿ ಅಲ್ಲ ಅಂತ ಒಂದು ಫಾರ್ಮ್‌ಗೂ ಸೈನ್ ಹಾಕ್ಬೇಕು (ಇದನ್ನ ಅಮ್ಮಂಗೆ ಹೇಳಿಲ್ಲ, ಇಲ್ಲಿ ಓದಿ ಗೊತ್ತಾಗ್ಲಿ). ತೂಕದ ಮಷೀನು 53.6 ತೋರ್ಸ್ತು. ನೀರು ಕುಡ್ದೆ. ಆಮೇಲೆ ಮಧ್ಯಾಹ್ನದ ತನಕ ಕಾಯೋದೇ ಕೆಲಸ, ಅದೇ ಅತೀ ಕಷ್ಟದ್ದು ಅಂತ ಈಗ ಅನ್ಸುತ್ತೆ, ಅಷ್ಟೊತ್ತಿಗೆ ಬಾತ್‌ರೂಮ್‌ಗೆ ಎಷ್ಟು ಸಲ ಹೋದೆ ಅಂತ ಲೆಕ್ಕ ಇಟ್ಟಿಲ್ಲ.

ರಿಂಗಿನ ಎದುರುಬದ್ರು ಮೂಲೆಗಳಲ್ಲಿ ರೆಡ್ ಕಾರ್ನರ್ ನಂದು, ಬ್ಲೂ ಅವಳದ್ದು. ಹಗ್ಗದ ಒಳಗೆ 6.1 ಮೀಟರ್ ಚೌಕ ಇರುತ್ತೆ ರಿಂಗು, ಹೊರಗಿಂದ ನೋಡೋರಿಗೆ ಚಿಕ್ಕದು, ಒಳಗೆ ನಿಂತೋರಿಗೆ ಮುಗಿಯೋದೇ ಇಲ್ಲ. ನಾವು ಪ್ರಾಕ್ಟೀಸ್ ಮಾಡೋದು ಟೆರೇಸ್ ಮೇಲೆ ಶೀಟ್ ಹೊದ್ಸಿರೋ ಜಾಗದಲ್ಲಿ, ಅಲ್ಲಿ ಹಗ್ಗ ಇಲ್ಲ, ಚಾಕ್‌ಪೀಸ್ ಗೆರೆ. ಗೆರೆ ದಾಟಿದ್ರೆ ಬೆನ್ನಿಗೆ ಏನೂ ತಾಗಲ್ಲ. ಇಲ್ಲಿ ಹಗ್ಗ ಬೆನ್ನಿಗೆ ತಾಗ್ತಿದ್ದಂಗೆ ಎದೆ ಝಲ್ ಅಂತು.

ಅವಳು ಎಡಚಿ. ಬೆಲ್ ಹೊಡೀತು, ಗ್ಲೌಸ್ ತಾಗಿಸಿದ್ವಿ, ಮುಂದಿನ ಕೈಲಿ ಒಂದು ಜಾಬ್ (ನೇರ ಏಟು) ಹಾಕೋಣ ಅಂತ ಯೋಚ್ನೆ ಮಾಡ್ತಾ ಇದೀನಿ, ಅಷ್ಟರಲ್ಲಿ ಅವಳ ಎಡಗೈ ನೇರ ಮೂಗಿಗೆ. ನೋವು ಆಗ್ಲಿಲ್ಲ ಆಗ. ತಲೇಲಿ ಒಂದೇ ಮಾತು ಬಂತು, ಅಯ್ಯೋ ಇವಳು ನಿಜವಾಗ್ಲೂ ಹೊಡೀತಿದಾಳೆ ಅಂತ. ನಗ್ಬೇಡಿ. ಅಷ್ಟು ದಿನ ಟೆರೇಸ್ ಮೇಲೆ ನಂಗೆ ಹೊಡೆದೋರೆಲ್ಲ ಅಳತೆ ಮಾಡಿ ಹೊಡೆದೋರು. ನಮ್ಮ ಬ್ಯಾಚ್‌ನ ಸೀನಿಯರ್ ಅಣ್ಣ 67 ಕೆಜಿ, ಅವರು ಪೂರ್ತಿ ಹಾಕಿದ್ರೆ ನಾನು ಇವತ್ತು ಟೈಪ್ ಮಾಡ್ತಾ ಇರ್ತಿರ್ಲಿಲ್ಲ, ಮುಖಕ್ಕೆ ಅಡ್ಡ ಹಿಡಿಯೋ ಕೈ, ಅಂದ್ರೆ ಗಾರ್ಡ್, ಬಿಟ್ಟೆ ಅಂತ ನೆನಪು ಮಾಡೋಷ್ಟು ಮಾತ್ರ ತಟ್ಟಿ ಕೈ ವಾಪಸ್ ತಗೋತಿದ್ರು. ಪಿಯುಸಿ ಓದೋ ಹುಡುಗ ಒಬ್ಬ ಇದಾನೆ, ನನ್ನ ತೂಕಾನೇ, ಜಾಸ್ತಿ ಸ್ಪಾರಿಂಗ್ (ಪ್ರಾಕ್ಟೀಸ್ ಬೌಟ್) ಮಾಡಿದ್ದು ಅವನ ಜೊತೆ, "ಅಕ್ಕ ಜೋರಾಯ್ತಾ" ಅಂತ ಪ್ರತಿ ಸಲ ಕೇಳೋನು, ನಂಗೆ ಸಿಟ್ಟೇ ಬರ್ತಿತ್ತು. ಅವರಿಬ್ರೂ ಎಷ್ಟು ಕೈ ಹಿಡ್ದು ಆಡ್ತಿದ್ರು ಅನ್ನೋದು ಭಾನುವಾರ ಮೂಗಿನ ಮೇಲೆ ಬಿದ್ದಾಗ ಗೊತ್ತಾಯ್ತು. ಅಣ್ಣ, ತಮ್ಮ, ನಿಮ್ಮಿಬ್ರಿಗೂ ದೊಡ್ಡ ಥ್ಯಾಂಕ್ಸ್. ನಿಮ್ಮ ಸ್ವಂತ ಟ್ರೈನಿಂಗ್ ಟೈಮ್ ಕೊಟ್ಟು ನಂಗೋಸ್ಕರ ನಿಧಾನಕ್ಕೆ ಆಡಿದೀರ, ಅದು ಸುಮ್ನೆ ಅಲ್ಲ. ತಮ್ಮ, ಇನ್ಮೇಲೆ ಆ ಪ್ರಶ್ನೆ ಕೇಳ್ಬೇಡ, ಸ್ವಲ್ಪ ಜೋರಾಗೇ ಹಾಕು.

ಮೊದಲನೇ ರೌಂಡು ಪೂರ್ತಿ ಅವಳದ್ದೇ. ಕಾರ್ನರ್‌ಗೆ ಬಂದು ಸ್ಟೂಲ್ ಮೇಲೆ ಕೂತಾಗ ನಮ್ಮ ಕೋಚ್ ಸರ್ ಬೈತಾರೆ ಅಂತ ಕಾಯ್ತಿದ್ದೆ. ಅವರು ಬಾಯಿಂದ ಮೌತ್‌ಗಾರ್ಡ್ ತೆಗೆದು ನೀರು ಕೊಟ್ಟು "ಉಸ್ರು ಬಿಡ್ತಾನೇ ಇಲ್ವಲ್ಲಮ್ಮ ನೀನು" ಅಂದ್ರು. ನಿಜ, ಉಸಿರು ಹಿಡ್ಕೊಂಡೇ ಆಡ್ತಿದ್ದೆ, ಅದಕ್ಕೇ ತೋಳು ಕಲ್ಲಾಗಿತ್ತು. ಟೆಕ್ನಿಕ್ ಬಗ್ಗೆ ಒಂದೇ ಮಾತು ಹೇಳಿದ್ದು, ಎಡಗಾಲು ಅವಳ ಬಲಗಾಲಿನ ಹೊರಗಡೆ ಇಡು ಅಂತ. ಎಡಚಿ ಜೊತೆ ಆಡೋವಾಗ ಇಬ್ರ ಮುಂದಿನ ಕಾಲೂ ಎದುರುಬದ್ರು ಬರುತ್ತೆ, ತುಳಿದಾಡ್ತೀವಿ, ಯಾರ ಕಾಲು ಹೊರಗಡೆ ಇರುತ್ತೋ ಅವರ ಹಿಂದಿನ ಕೈಗೆ ದಾರಿ ಸಿಗುತ್ತೆ. ಇದನ್ನ ಸರ್ ಟೆರೇಸ್ ಮೇಲೆ ನೂರು ಸಲ ಹೇಳಿದಾರೆ. ನಿಖತ್ ಜರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಫೈನಲ್‌ನ ಮೊಬೈಲ್‌ಲಿ ಹಾಕಿ ಕೈ ನೋಡ್ಬೇಡ್ರೋ ಕಾಲು ನೋಡಿ ಅಂತ ಪದೇ ಪದೇ ತೋರ್ಸೋರು, ನಾವೆಲ್ಲ ಕೈಯೇ ನೋಡ್ತಿದ್ವಿ.

ಎರಡನೇ ರೌಂಡಲ್ಲಿ ಒಂದು ಕೌಂಟ್ ತಗೊಂಡೆ. ಬಿದ್ದಿಲ್ಲ, ಅಪ್ಪ ವಿಡಿಯೋ ನೋಡಿ ಗಾಬರಿ ಆಗಿದ್ರಂತೆ, ಅದಕ್ಕೆ ಹೇಳ್ತಿದೀನಿ. ಬಾಕ್ಸರ್ ನಿಂತೇ ಇದ್ರೂ ಏಟು ಜೋರಾಗಿ ಬಿದ್ದಿದೆ ಅನ್ಸಿದ್ರೆ ರೆಫ್ರಿ ನಿಲ್ಲಿಸಿ 8ರ ತನಕ ಎಣಿಸ್ತಾರೆ, ಅದು ನಮ್ಮನ್ನ ಕಾಪಾಡೋಕಿರೋ ರೂಲು. ಆ ರೆಫ್ರಿ ಮೇಡಂ ಬೆರಳು ತೋರಿಸ್ತಾ ಎಣಿಸ್ತಾ ನನ್ನ ಕಣ್ಣೇ ನೋಡ್ತಿದ್ರು. ಅಷ್ಟು ಗಮನ ಕೊಟ್ಟು ನನ್ನ ಮುಖನ ಇತ್ತೀಚೆಗೆ ಯಾರೂ ನೋಡಿಲ್ಲ. ಮೂಗಲ್ಲಿ ರಕ್ತ ಬರ್ತಿತ್ತು ಅಂತ ಡಾಕ್ಟರ್ ಹತ್ರನೂ ಕರ್ಕೊಂಡು ಹೋದ್ರು, ಅವರು ನೋಡಿ ಆಡ್ಬಹುದು ಅಂದ್ರು. ದಿನಾ ಬೆಳಿಗ್ಗೆ ಎಂಟರಿಂದ ಬೇರೆಯೋರ ರಕ್ತ ತೆಗೆಯೋದೇ ನನ್ನ ಕೆಲಸ, ನಂದೇ ರಕ್ತ ಹತ್ತಿಲಿ ನೋಡಿ ತಲೆ ಸುತ್ತ್‌ದಂಗಾಯ್ತು ಅಂದ್ರೆ ಲ್ಯಾಬ್‌ನೋರು ನಂಬ್ತಿಲ್ಲ.

ಮೂರನೇದರಲ್ಲಿ ಬಾಯಲ್ಲಿ ಸದ್ದು ಮಾಡ್ಕೊಂಡು ಉಸಿರು ಬಿಡೋಕೆ ಶುರು ಮಾಡ್ದೆ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೆಣ್ಮಕ್ಕಳ ಬಾಕ್ಸಿಂಗ್ ಮೊದಲ ಸಲ ಸೇರಿಸ್ದಾಗ, ಮೇರಿ ಕೋಮ್ ಕಂಚು ತಂದ್ರಲ್ಲ, ಆಗ ಹೆಂಗಸರಿಗೆ 2 ನಿಮಿಷದ 4 ರೌಂಡು. ಈಗ ಗಂಡಸರ ಥರಾನೇ 3 ನಿಮಿಷದ 3 ರೌಂಡು. 8 ನಿಮಿಷ ಇದ್ದಿದ್ದು 9 ಆಯ್ತು ಅಷ್ಟೇ ತಾನೆ ಅಂತ ನಾನೂ ಅಂದ್ಕೊಂಡಿದ್ದೆ. ಆ ಮೂರನೇ ನಿಮಿಷ ಬೇರೇನೇ ಊರು ಕಣ್ರೀ, ಅಲ್ಲಿ ನಮ್ಮ ಕೈಕಾಲು ನಮ್ಮ ಮಾತು ಕೇಳಲ್ಲ. ಅದ್ರಲ್ಲೂ ಒಂದು ಸಲ, ಒಂದೇ ಸಲ, ಎಡಗಾಲು ಸರಿಯಾದ ಜಾಗಕ್ಕೆ ಬಿತ್ತು, ಬಲಗೈ ಅವಳ ಗಾರ್ಡ್ ಮಧ್ಯದಿಂದ ಹೋಗಿ ಮುಖಕ್ಕೆ ಕೂತ್ಕೊಂತು, ಅವಳ ತಲೆ ಹಿಂದಕ್ಕೆ ಹೋಯ್ತು. ಹೆಬ್ಬೆಟ್ಟು ಊದಿದ್ದೂ ಅದರಲ್ಲೇ. ನಂಗೆ ಒಂದು ಕ್ಷಣ ಸಾರಿ ಕೇಳ್ಬೇಕು ಅನ್ಸಿತ್ತು, ಅವಳು ನೋಡಿದ್ರೆ ಮೌತ್‌ಗಾರ್ಡ್ ಕಾಣೋ ಹಂಗೆ ನಕ್ಕು ಮತ್ತೆ ಮೇಲೆ ಬಿದ್ಲು.

ಐದು ಜನ ಜಡ್ಜ್‌ಗಳಲ್ಲಿ ನಾಲ್ವರು ಅವಳಿಗೆ ಕೊಟ್ರು, ಒಬ್ರು ನಂಗೆ. 4-1. ಆ ಒಬ್ಬ ಜಡ್ಜ್ ಯಾರೋ ಗೊತ್ತಿಲ್ಲ, ನೀವು ಯಾವ ಬೌಟ್ ನೋಡ್ತಿದ್ರೋ ಅದೂ ಗೊತ್ತಿಲ್ಲ, ಆದ್ರೂ ನಿಮಗೂ ಥ್ಯಾಂಕ್ಸ್.

ರಿಸಲ್ಟ್ ಆದ್ಮೇಲೆ ಎದುರು ಕಾರ್ನರ್‌ಗೆ ಹೋಗಿ ಅವರ ಕೋಚ್‌ಗೆ ನಮಸ್ಕಾರ ಮಾಡೋದು ಪದ್ಧತಿ. ಹೋದೆ. ಸುಮ್ನೆ ಬೆನ್ನು ತಟ್ಟಿ ಕಳಿಸ್ತಾರೆ ಅಂದ್ಕೊಂಡ್ರೆ ಆ ಸರ್ "ಎಡಗೈ ಚಲೋ ಐತಿ ಮಗಳ, ಬಲಗೈ ಗದ್ದ ಬಿಟ್ಟು ಕೆಳಗ ಬರ್ತೈತಿ, ನಮ್ಮಾಕಿ ಅಲ್ಲೇ ಹೊಡದ್ಲು ನೋಡು" ಅಂದ್ರು. ಮುಂದಿನ ಸಲ ಇದೇ ಹುಡುಗಿ ಎದುರು ನಾನು ಬರ್ಬಹುದು, ಅದು ಗೊತ್ತಿದ್ದೂ ಹೇಳಿದ್ರು. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ, ಅವಳೇ ಹುಡುಕ್ಕೊಂಡು ಬಂದು "ಮೂಗ ನೋಯಾಕತ್ತೈತೇನ" ಅಂತ ಕೇಳಿ ಡಬ್ಬಿ ತೆಗೆದ್ಲು, ಶೇಂಗಾ ಹೋಳ್ಗಿ. ತೂಕದ ಭಯಕ್ಕೆ ಬಸ್ಸಲ್ಲಿ ಮುಟ್ಟಿರ್ಲಿಲ್ವಂತೆ ಪಾಪ. ನಾನೂ ಕೆಲವು ವಾರದಿಂದ ಬೆಲ್ಲದ ಮುಖ ನೋಡಿರ್ಲಿಲ್ಲ. ಇಬ್ರೂ ಸೇರಿ ಡಬ್ಬಿ ಖಾಲಿ ಮಾಡಿದ್ವಿ, ಅವರಪ್ಪ ನೋಡ್ತಾ ನಿಂತಿದ್ರು, ಅವರಿಗೆ ಒಂದೂ ಉಳೀಲಿಲ್ಲ, ಸಾರಿ ಅಪ್ಪಾಜಿ.

ಕೋಚ್ ಸರ್‌ಗೆ ಎಷ್ಟು ಬರೆದ್ರೂ ಅವರು ಫೇಸ್‌ಬುಕ್ ನೋಡಲ್ಲ, ಯಾರಾದ್ರೂ ಓದಿ ಹೇಳಿ. ಆರ್ಮಿಲಿ ಬಾಕ್ಸಿಂಗ್ ಆಡಿ ರಿಟೈರ್ ಆದೋರು, ಬೆಳಿಗ್ಗೆ ಐದೂವರೆಗೆ ಟೆರೇಸ್ ಬಾಗಿಲು ತೆಗೆದಿರ್ತಾರೆ, ಮಳೆ ಬಂದ್ರೂ. ಹೋದ ವರ್ಷ ನಾನು ಬೌಟ್‌ಗೆ ಇಳೀತೀನಿ ಅಂತ ಎಷ್ಟು ಗೋಳು ಹೊಯ್ಕೊಂಡ್ರೂ ಬೇಡ ಅಂದ್ರು, ಒಂದು ವಾರ ಅವರ ಹತ್ರ ಮಾತು ಬಿಟ್ಟಿದ್ದೆ. ಬೌಟ್‌ಗೆ ಮುಂಚೆ ಬ್ಯಾಂಡೇಜ್ ಕಟ್ಟಿದ್ರಲ್ಲ, 4.5 ಮೀಟರ್ ಬಟ್ಟೆ, ಒಂದೊಂದು ಬೆರಳು ಬಿಡಿಸಿ ಬಿಡಿಸಿ, ಒಂದು ಮಾತೂ ಆಡ್ದೆ ಕಟ್ಟಿದ್ರು, ನಡುಕ ಅಲ್ಲೇ ಅರ್ಧ ಹೋಯ್ತು.

ಪಿಜಿ ಆಂಟಿ, ನಿಮ್ಮದು ವೆಜ್ ಪಿಜಿ ಅಂತ ಗೊತ್ತಿದ್ದೂ ನಾನು ಮೊಟ್ಟೆ ಕೇಳಿದೀನಿ, ನೀವು ಇಲ್ಲ ಅಂದು ಆಮೇಲೆ ನೀವೇ ಎದುರಿಗಿರೋ ಟೀ ಅಂಗಡಿ ಅಣ್ಣಂಗೆ ಹೇಳಿ ದಿನಾ ಬೇಯ್ಸಿಡೋ ಹಂಗೆ ಮಾಡಿದ್ರಿ. ಎಲ್ರಿಗೂ ಪೂರಿ ಸಾಗು ಇದ್ದ ದಿನ ನಂಗೊಬ್ಳಿಗೆ ಎಣ್ಣೆ ಹಾಕ್ದೆ ರಾಗಿ ರೊಟ್ಟಿ ತಟ್ಟಿ ಕೊಟ್ಟಿದೀರ. ಟೀ ಅಂಗಡಿ ಅಣ್ಣ, ಖಾತೆ ಬಾಕಿ ಇದೆ, ಸಂಬಳ ಆದ್ಮೇಲೆ ಕೊಡ್ತೀನಿ. ಲ್ಯಾಬ್‌ಲಿ ನನ್ನ ಶನಿವಾರದ ಡ್ಯೂಟಿ ತಗೊಂಡ ಇಬ್ರಿಗೂ ಥ್ಯಾಂಕ್ಸ್, ಮೂಗಿಗೆ ಐಸ್ ಇಡೋಕೆ ಸ್ಯಾಂಪಲ್ ಫ್ರಿಜ್ ಬಳಸ್ಬಾರ್ದು ಅಂತ ಗೊತ್ತು, ಯಾರೋ ಬಳಸಿದಾರಂತೆ, ಯಾರು ಅಂತ ನಂಗೊತ್ತಿಲ್ಲ.

ಅಮ್ಮ. ಅಮ್ಮಂಗೆ ಮೂಗಿನ ಚಿಂತೆ ಇರ್ಲಿಲ್ಲ, ಮದುವೆ ಚಿಂತೆ ಅತ್ತೆ ಮಾಡ್ತಿದ್ರು, ಮೇರಿ ಕೋಮ್‌ಗೆ ಮೆಡಲ್ ಬಂದಾಗ ಆಗ್ಲೇ ಅವಳಿ ಮಕ್ಕಳಿದ್ವು ಅಂತ ಹೇಳ್ದಾಗಿಂದ ಅವರೂ ಸುಮ್ನಾದ್ರು. ಅಮ್ಮಂದು ಹಲ್ಲಿನ ಚಿಂತೆ. ಒಂದು ಹಲ್ಲು ಕಟ್ಸೋಕೆ ಎಷ್ಟಾಗುತ್ತೆ ಅಂತ ಅವರಿಗೆ ಅನುಭವ ಇದೆ. ಹೆಡ್‌ಗಾರ್ಡ್ ಇರುತ್ತಲ್ಲ ಅಂದೆ, ಗಂಡಸರಿಗೆ 2013ರಲ್ಲೇ ತೆಗೆದ್ರು ನಮಗಿನ್ನೂ ಇದೆ ಅಂತೆಲ್ಲ ಹೇಳ್ದೆ, ಅದು ಹುಬ್ಬು ಸೀಳದೇ ಇರೋ ಹಂಗೆ ನೋಡ್ಕೊಳ್ಳುತ್ತೆ ಅಷ್ಟೇ, ಹಲ್ಲಿಗೆ ಅಲ್ವಲ್ಲ ಅಂತ ಒಂದೇ ನೋಟಕ್ಕೆ ಕಂಡುಹಿಡಿದುಬಿಟ್ರು. ಆಮೇಲೆ ಮೌತ್‌ಗಾರ್ಡ್ ತೋರ್ಸ್ದೆ. ಹೊಸದನ್ನ ಬಿಸಿನೀರಲ್ಲಿ ಅದ್ದಿ ಮೆತ್ತಗಾದ್ಮೇಲೆ ಬಾಯಲ್ಲಿಟ್ಟು ಕಚ್ಚಿದ್ರೆ ನಮ್ಮ ಹಲ್ಲಿನ ಅಚ್ಚಿಗೆ ಕೂತ್ಕೊಳುತ್ತೆ. ನೀರು ಕಾಯ್ಸಿದ್ದು ಅಮ್ಮ, ಗಡಿಯಾರ ನೋಡ್ಕೊಂಡು ತೆಗೆದಿದ್ದು ಅಮ್ಮ, ಕಚ್ಚು ಇನ್ನೂ ಕಚ್ಚು ಸರಿಯಾಗಿ ಅಂತ ಗದ್ದ ಒತ್ತಿ ಹಿಡಿದಿದ್ದೂ ಅಮ್ಮ. ಬೌಟ್ ನೋಡೋಕೆ ಬರಲ್ಲ ಅಂದ್ರು, ಬರ್ಲಿಲ್ಲ. ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಗೆದ್ಯಾ ಸೋತ್ಯಾ ಕೇಳ್ಲಿಲ್ಲ, "ಈ ಅನ್ನು" ಅಂದ್ರು. ಅಂದೆ. ಎಣಿಸಿಕೊಂಡ್ರು ಅನ್ಸುತ್ತೆ. ಸರಿ ಊಟ ಮಾಡು ಅಂದು ಇಟ್ರು.

ಯಾರನ್ನಾದ್ರೂ ಬಿಟ್ಟಿದ್ರೆ ಬೈಯ್ಕೊಬೇಡಿ, ಎಡಗೈಯೂ ನೋಯ್ತಿದೆ ಈಗ. ಹೆಬ್ಬೆಟ್ಟು ಸರಿ ಆಗೋ ತನಕ ಬರೀ ಸ್ಕಿಪ್ಪಿಂಗು ಮತ್ತೆ ಕಾಲಿನ ಕೆಲಸ, ತಲೆಗೆ ಏಟು ಬಿದ್ದಿರೋದ್ರಿಂದ ಸ್ಪಾರಿಂಗ್ ಸದ್ಯಕ್ಕೆ ಬೇಡ ಅಂತ ಸರ್ ಆರ್ಡರ್. ಅದಾದ್ಮೇಲೆ ನಂಗೆ ಜನ ಬೇಕು. ಬೆಂಗಳೂರಲ್ಲಿ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ ಸುತ್ತಮುತ್ತ 50ರಿಂದ 57 ಕೆಜಿ ಒಳಗಿರೋ ಹೆಣ್ಮಕ್ಕಳು ಯಾರಾದ್ರೂ ಬಾಕ್ಸಿಂಗ್ ಮಾಡ್ತಿದ್ರೆ, ಕಲೀಬೇಕು ಅಂತಿದ್ರೂ ಪರ್ವಾಗಿಲ್ಲ, ಮೆಸೇಜ್ ಮಾಡಿ. ಎಡಚಿ ಇದ್ರಂತೂ ಇವತ್ತೇ ಮಾಡಿ. ಗ್ಲೌಸು ಹೆಡ್‌ಗಾರ್ಡು ಅಲ್ಲೇ ಇದಾವೆ, ಮೌತ್‌ಗಾರ್ಡ್ ಮಾತ್ರ ನಿಮ್ದೇ ತನ್ನಿ.